ಹಾಳೆಗೆ ವಯಸ್ಸಾದರೆ ಬರಹಕ್ಕೂ ಆಯಿತೇ?

ತುಂಬ ದಿನವಾಯ್ತು ಇಲ್ಲಿ ಏನಾದರೂ ಬರೆದು. ಬರೆಯಲೇಬೇಕು ಅನ್ನಿಸುವಂಥ ಸಿಟ್ಟು ಬಂದಿರಲಿಲ್ಲ ಅಂತಿಟ್ಟುಕೊಳ್ಳಿ. ಮೊನ್ನೆ ಭಾನುವಾರ ಬಂತು.

ಊರಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. ಅದರಲ್ಲಿ ನಮ್ಮ ಮನೆಯ ಅಟ್ಟದ ಮೇಲಿರುವ ತಾಳೆಗರಿ ಕಟ್ಟಿನ ಫೋಟೋ ಹಾಕಬೇಕಂತೆ. ಹಾಕಲಿ, ಸಂತೋಷವೇ. ಆದರೆ ಫೋಟೋದ ಕೆಳಗೆ "ಎಂಟುನೂರು ವರ್ಷ ಹಳೆಯ ಓಲೆಗರಿ" ಅಂತ ಬರೆಯಬೇಕಂತೆ.

"ಎಂಟುನೂರು ಅಂತ ಯಾರು ಹೇಳಿದ್ದು ಅಣ್ಣಾ?" ಅಂದೆ.

"ಯಾರಾದರೂ ಹೇಳಬೇಕಲ್ಲ ಮಾರಾಯ, ಅದಕ್ಕೇ ನಿನಗೆ ಫೋನ್ ಮಾಡಿದ್ದು. ಒಂದು ಗರಿಯ ತುದಿ ಕತ್ತರಿಸಿ ಕವರಲ್ಲಿ ಹಾಕಿ ಕಳಿಸ್ತೆ. ನೀನು ಎಲ್ಲಾದರೂ ಕಾರ್ಬನ್ ಡೇಟಿಂಗ್ ಮಾಡಿಸು. ವಿಜ್ಞಾನವೇ ಹೇಳಿದ ಮೇಲೆ ಯಾರೂ ತುಟಿ ಪಿಟಕ್ ಅನ್ನೂದಿಲ್ಲ."

ಸಿಟ್ಟು ಬಂದದ್ದು ಅಣ್ಣನ ಮೇಲಲ್ಲ, ಅವನ ಆ ಕೊನೆಯ ಮಾತಿನ ಮೇಲೆ. "ಕಾರ್ಬನ್ ಡೇಟಿಂಗ್ ಆಗಿದೆ" ಅಂದುಬಿಟ್ಟರೆ ಮುಗಿಯಿತು, ಇನ್ನು ಯಾರೂ ಪ್ರಶ್ನೆ ಕೇಳಬಾರದು ಅನ್ನುವ ಧಾಟಿ ಇದೆಯಲ್ಲ, ಅದು ವಾಟ್ಸಾಪ್ ಫಾರ್ವರ್ಡುಗಳಲ್ಲಿ ಮಾತ್ರ ಇಲ್ಲ. ನಮ್ಮ ನಿಮ್ಮ ಬ್ಲಾಗುಗಳಲ್ಲೂ ಇದೆ. ನನ್ನದರಲ್ಲಂತೂ ಇತ್ತು. 2017ರಲ್ಲಿ ಬಕ್ಷಾಲಿ ಹಸ್ತಪ್ರತಿಯ ಸುದ್ದಿ ಬಂತು, ನೆನಪಿದೆಯಾ? ಈಗಿನ ಪಾಕಿಸ್ತಾನದ ಪೇಶಾವರದ ಹತ್ತಿರ 1881ರಲ್ಲಿ ಸಿಕ್ಕ, ಭೂರ್ಜದ ತೊಗಟೆಯ ಮೇಲೆ ಬರೆದ ಗಣಿತದ ಹಸ್ತಪ್ರತಿ ಅದು. ಈಗಿರುವುದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ. ಸೊನ್ನೆಯ ಚುಕ್ಕೆ ಅದರಲ್ಲಿದೆ. ಕಾರ್ಬನ್ ಡೇಟಿಂಗ್ ಮಾಡಿದರೆ ಮೂರನೆಯ ನಾಲ್ಕನೆಯ ಶತಮಾನ ಅಂತ ಬಂತು ಎಂದು ಪತ್ರಿಕೆಗಳು ಬರೆದವು. ನಾನೂ ಕುಣಿದು ಕುಪ್ಪಳಿಸಿ ಒಂದು ಪೋಸ್ಟ್ ಹಾಕಿದೆ, ನಿಮ್ಮಲ್ಲಿ ಹಲವರು ಬಂದು ಭೇಷ್ ಅಂದಿರಿ.

ನಾನು ಬರೆಯದೇ ಬಿಟ್ಟ ವಿಷಯ ಇಷ್ಟು. ಪರೀಕ್ಷೆ ಮಾಡಿದ್ದು ಮೂರು ಹಾಳೆಗಳನ್ನು. ಒಂದಕ್ಕೆ ಕ್ರಿ.ಶ. 224ರಿಂದ 383, ಇನ್ನೊಂದಕ್ಕೆ 680ರಿಂದ 779, ಮತ್ತೊಂದಕ್ಕೆ 885ರಿಂದ 993 ಅಂತ ಬಂದಿತ್ತು. ಒಂದೇ ಹಸ್ತಪ್ರತಿಗೆ ಮೂರು ವಯಸ್ಸು! ನನಗೆ ಬೇಕಾದ್ದು ಮೊದಲನೆಯದು, ಅದನ್ನಷ್ಟೇ ಎತ್ತಿಕೊಂಡೆ. ಅದೇ ವರ್ಷ ಕಿಮ್ ಪ್ಲಾಫ್ಕರ್, ತಕಾವೊ ಹಯಾಶಿ, ಡೊಮಿನಿಕ್ ವುಜಾಸ್ಟಿಕ್ ಮೊದಲಾದ ವಿದ್ವಾಂಸರು ಇದನ್ನೇ ಎತ್ತಿ ಆಡಿದರು. ವಿಷಯ ನೋಡಿದರೂ ಬರವಣಿಗೆ ನೋಡಿದರೂ ಇದು ಒಂದೇ ಕೃತಿ. ಹಾಗಿದ್ದ ಮೇಲೆ ಹಾಳೆಗಳಲ್ಲಿ ತೀರ ಈಚಿನದು ಯಾವುದೋ ಅದಕ್ಕಿಂತ ಮೊದಲು ಇದನ್ನು ಬರೆದಿರಲು ಹೇಗೆ ಸಾಧ್ಯ, ಅಂತ. ಅವರ ವಾದದಲ್ಲಿ ವಿಜ್ಞಾನಕ್ಕೆ ವಿರೋಧವೇನೂ ಇರಲಿಲ್ಲ. ಪ್ರಯೋಗಾಲಯ ಕೊಟ್ಟದ್ದು ತೊಗಟೆ ಮರದಿಂದ ಬೇರೆಯಾದ ಕಾಲವನ್ನು. ಅದನ್ನು ಸೊನ್ನೆ ಬರೆದ ಕಾಲ ಅಂತ ಓದಿಕೊಂಡದ್ದು ನಾವು. ಆ ಪೋಸ್ಟನ್ನು ನಾನಿನ್ನೂ ಅಳಿಸಿಲ್ಲ, ಅಲ್ಲೇ ಇದೆ. ಬೇಕಾದರೆ ಹುಡುಕಿ ಬೈಯಿರಿ.

ಕಾರ್ಬನ್-14 ಲೆಕ್ಕ ಹಾಕುವುದು ಒಂದು ಜೀವ ಸತ್ತ ಕಾಲವನ್ನು. ಮರವೋ ಕುರಿಯೋ ತಾಳೆಯೋ, ಯಾವತ್ತು ಗಾಳಿಯಿಂದ ಇಂಗಾಲ ತೆಗೆದುಕೊಳ್ಳುವುದನ್ನು ನಿಲ್ಲಿಸಿತೋ ಅವತ್ತಿನಿಂದ ಅದರ ಗಡಿಯಾರ ಶುರು. ಆ ಕುರಿಯ ಚರ್ಮದ ಮೇಲೆ ಯಾರು ಯಾವಾಗ ಏನು ಗೀಚಿದರು ಅನ್ನುವುದು ಕುರಿಗೆ ಗೊತ್ತಿಲ್ಲ. ಅದನ್ನು ಕೇಳಬೇಕಾದ್ದು ಶಾಯಿಯನ್ನು.

ಶಾಯಿಯನ್ನು ಬಿಟ್ಟು ಹಾಳೆಯನ್ನಷ್ಟೇ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಬಹಳ ಒಳ್ಳೆಯ ಕತೆ ಅಮೆರಿಕದ್ದು. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

1957ರಲ್ಲಿ ಲಾರೆನ್ಸ್ ವಿಟನ್ ಎಂಬ ಹಳೆ ಪುಸ್ತಕದ ವ್ಯಾಪಾರಿ ಯುರೋಪಿನಲ್ಲಿ ಒಂದು ಪುಸ್ತಕ ಕೊಂಡ. ಬೆಲೆ 3,500 ಡಾಲರ್. ತಾರ್ತರರ ಬಗೆಗಿನ ಒಂದು ಲ್ಯಾಟಿನ್ ಕೃತಿ ಅದು, ಜೊತೆಗೆ ಚರ್ಮದ ಹಾಳೆಯ ಮೇಲೆ ಬರೆದ ಒಂದು ಜಗತ್ತಿನ ನಕಾಶೆ. ನಕಾಶೆಯ ಎಡ ಮೂಲೆಯಲ್ಲಿ, ಗ್ರೀನ್‌ಲ್ಯಾಂಡಿಗೂ ಪಶ್ಚಿಮಕ್ಕೆ, ಒಂದು ದೊಡ್ಡ ದ್ವೀಪ. ಹೆಸರು ವಿನ್‌ಲ್ಯಾಂಡ್. ಅಂದರೆ ಉತ್ತರ ಯುರೋಪಿನ ನಾವಿಕರು ಮುಟ್ಟಿದ್ದರೆಂದು ಐಸ್‌ಲ್ಯಾಂಡಿನ ಹಳೆ ಕತೆಗಳು ಹೇಳುವ ಅಮೆರಿಕ. ಹಾಳೆ ನೋಡಿದರೆ ಹದಿನೈದನೆಯ ಶತಮಾನದ್ದು, ಕೊಲಂಬಸ್ ಹೊರಡುವುದಕ್ಕೂ ಮೊದಲಿನದು. ಪಾಲ್ ಮೆಲನ್ ಎಂಬ ಶ್ರೀಮಂತ ಅದನ್ನು ಕೊಂಡು ಯೇಲ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟ. ಯೇಲ್‌ನವರು ದೊಡ್ಡ ಪುಸ್ತಕ ಮಾಡಿಸಿ ಜಗತ್ತಿಗೆ ಸಾರಿದ್ದು 1965ರ ಅಕ್ಟೋಬರ್ 11ರಂದು. ಅಮೆರಿಕದ ಕೊಲಂಬಸ್ ದಿನದ ಹಿಂದಿನ ದಿನ! ಅಲ್ಲಿನ ಇಟಲಿ ಮೂಲದವರು ಕೆಂಡಾಮಂಡಲ. ನಾರ್ವೆ ಮೂಲದವರಿಗೆ ಹಬ್ಬ. ಪೂರ್ವಜರ ವಿಷಯ ಬಂದರೆ ಎಲ್ಲ ಊರಿನವರೂ ನಮ್ಮೂರಿನವರೇ.

ಮೊದಲು ಒಂದು ಅನುಮಾನ ಇತ್ತು. ಪುಸ್ತಕದಲ್ಲಿ ಹುಳ ಕೊರೆದ ತೂತುಗಳೂ ನಕಾಶೆಯಲ್ಲಿನ ತೂತುಗಳೂ ಒಂದಕ್ಕೊಂದು ಕೂಡುತ್ತಿರಲಿಲ್ಲ. 1958ರಲ್ಲಿ ಅದೇ ಕಾಲದ ಇನ್ನೊಂದು ಪುಸ್ತಕದ ಸಂಪುಟ ಸಿಕ್ಕಿತು. ಅದನ್ನು ಎರಡರ ನಡುವೆ ಇಟ್ಟರೆ ತೂತುಗಳು ಸರಿಯಾಗಿ ಕೂಡಿದವು. ಸರಿ, ನಂಬಿದವರಿಗೆ ಇನ್ನೇನು ಬೇಕು? ಹುಳವೇ ಸಾಕ್ಷಿ ಹೇಳಿದೆ! ಆದರೆ ನೋಡಿ, ಹುಳ ತಿಂದದ್ದು ಚರ್ಮವನ್ನು. ಆ ಚರ್ಮದ ಮೇಲೆ ಆಗ ನಕಾಶೆ ಇತ್ತೋ ಅಥವಾ ಅದು ಪುಸ್ತಕದ ಮುಂದಿನ ಖಾಲಿ ಹಾಳೆಯೋ, ಹುಳಕ್ಕೆ ರುಚಿಯಲ್ಲಿ ವ್ಯತ್ಯಾಸವೇನೂ ಆಗುವುದಿಲ್ಲ.

ಈಗ ಶಾಯಿಗೆ ಬನ್ನಿ. ಮಧ್ಯಯುಗದ ಯುರೋಪಿನಲ್ಲಿ ಬರೆಯುತ್ತಿದ್ದದ್ದು ಹೆಚ್ಚಾಗಿ ಕಬ್ಬಿಣದ ಶಾಯಿಯಿಂದ. ಓಕ್ ಮರದ ಕೊಂಬೆಗಳ ಮೇಲೆ ಕೀಟದಿಂದ ಆಗುವ ಗಂಟುಗಳ ಕಷಾಯಕ್ಕೆ ಅನ್ನಭೇದಿ ಬೆರೆಸಿ, ಗೋಂದು ಹಾಕಿ ಮಾಡಿದ್ದು. ನಮ್ಮಲ್ಲಿ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ರಸಾಯನ ಅದೇ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಈ ಶಾಯಿಗೆ ಒಂದು ಗುಣ ಇದೆ. ನೂರಾರು ವರ್ಷ ಕಳೆದ ಮೇಲೆ ಅದು ಕಂದಾಗಿ, ಗೆರೆಯ ಸುತ್ತ ಹಳದಿ ಕಂದು ಕಲೆ ಹರಡುತ್ತದೆ. ವಿನ್‌ಲ್ಯಾಂಡ್ ನಕಾಶೆಯ ಗೆರೆಗಳಲ್ಲೂ ಹಾಗೆಯೇ ಇತ್ತು. ಕೆಳಗೆ ಹಳದಿ ಗೆರೆ, ಅದರ ಮೇಲೆ ಅಲ್ಲಲ್ಲಿ ಉದುರಿಹೋದ ಕಪ್ಪು ಗೆರೆ. ನೋಡಿದವರು ಆಹಾ ಎಷ್ಟು ಹಳೆಯದು ಅಂದರು.

ವಾಲ್ಟರ್ ಮೆಕ್ರೋನ್ ಎಂಬ ಸೂಕ್ಷ್ಮದರ್ಶಕ ತಜ್ಞ ಆ ಹಳದಿ ಗೆರೆಯಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳನ್ನು ಎತ್ತಿ ನೋಡಿದ. 1974ರಲ್ಲಿ ಹೇಳಿದ: ಇದರಲ್ಲಿ ಅನಟೇಸ್ ಇದೆ. ಅನಟೇಸ್ ಅಂದರೆ ಟೈಟಾನಿಯಂ ಡೈಆಕ್ಸೈಡಿನ ಒಂದು ರೂಪ. ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿ, ಟೂತ್‌ಪೇಸ್ಟಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದಲ್ಲ, ಅದೇ ಬಳಗ. ಮಣ್ಣಿನಲ್ಲಿ ಟೈಟಾನಿಯಂ ಎಲ್ಲ ಕಡೆ ಇದೆ, ಅದು ದೊಡ್ಡ ವಿಷಯವಲ್ಲ. ಆದರೆ ಇಲ್ಲಿ ಸಿಕ್ಕ ಕಣಗಳು ಒಂದೇ ಗಾತ್ರ, ದುಂಡಗೆ, ಕಾರ್ಖಾನೆಯಲ್ಲಿ ತಯಾರಾದ ಬಣ್ಣದ ಪುಡಿಯ ಹಾಗೆ. ಅಂಥ ಪುಡಿ ಮಾರುಕಟ್ಟೆಗೆ ಬಂದದ್ದೇ 1920ರ ಆಸುಪಾಸಿನಲ್ಲಿ. ಅಂದರೆ ಯಾರೋ ಜಾಣ ಮೊದಲು ಹಳದಿ ಗೆರೆ ಎಳೆದು, ಅದರ ಮೇಲೆ ಕಪ್ಪು ಗೆರೆ ಎಳೆದು, ಐನೂರು ವರ್ಷದ ಕಲೆಯನ್ನು ಒಂದು ಮಧ್ಯಾಹ್ನದಲ್ಲಿ ತಯಾರು ಮಾಡಿದ್ದಾನೆ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಪ್ರಯೋಗಾಲಯಗಳಲ್ಲೂ ಜಗಳ ಇರುತ್ತದೆ. ಕ್ಯಾಲಿಫೋರ್ನಿಯಾದ ಥಾಮಸ್ ಕಾಹಿಲ್ ತಂಡದವರು ನಕಾಶೆಯ ಮೇಲೆ ಪ್ರೋಟಾನ್ ಕಿರಣ ಹಾಯಿಸಿ 1987ರಲ್ಲಿ ಬರೆದರು, ಟೈಟಾನಿಯಂ ಇರುವುದು ತೀರಾ ಅಲ್ಪ, ಮೆಕ್ರೋನ್ ಹೇಳಿದ್ದು ಸರಿಯಿಲ್ಲ ಅಂತ. ನಂಬಿದವರಿಗೆ ಮತ್ತೆ ಜೀವ ಬಂತು. 1990ರ ದಶಕದ ನಡುವೆ ಯೇಲ್ ಮುದ್ರಣಾಲಯ ಹಳೆ ಪುಸ್ತಕವನ್ನೇ ಮರುಮುದ್ರಿಸಿ, ನಕಾಶೆ ಅಸಲಿ ಅನ್ನುವವರ ಲೇಖನಗಳನ್ನು ಸೇರಿಸಿತು. ಆದರೆ ಆ ಕಿರಣ ತೆಳುವಾದ ಶಾಯಿಯ ಪದರವನ್ನೂ ಕೆಳಗಿನ ದಪ್ಪ ಚರ್ಮವನ್ನೂ ಒಟ್ಟಿಗೇ ಹಾದು ಹೋಗುತ್ತದೆ. ಹಂಡೆ ನೀರಿಗೆ ಒಂದು ಚಮಚ ಉಪ್ಪು ಹಾಕಿ, ನೀರಿನಲ್ಲಿ ಉಪ್ಪು ಶೇಕಡಾ ಎಷ್ಟು ಅಂತ ಕೇಳಿದ ಹಾಗೆ. ಉತ್ತರ ಅಲ್ಪ ಅಂತಲೇ ಬರುತ್ತದೆ, ಮತ್ತು ಅದು ಸುಳ್ಳೂ ಅಲ್ಲ. ಆದರೆ ಉಪ್ಪು ಹಾಕಿದ್ದಾರೋ ಇಲ್ಲವೋ ಅನ್ನುವುದಕ್ಕೆ ಅದು ಉತ್ತರವಲ್ಲ. ಭೂವಿಜ್ಞಾನಿ ಕೆನೆತ್ ಟೋವ್ ವರ್ಷಗಟ್ಟಲೆ ಅನಟೇಸಿನ ಪರ ವಾದಿಸಿದರು, ಜಾಕ್ವೆಲಿನ್ ಓಲಿನ್ ಅದಕ್ಕೆ ಎದುರಾಗಿ ಮಧ್ಯಯುಗದ ಶಾಯಿ ತಯಾರಿಕೆಯಲ್ಲೂ ಅನಟೇಸ್ ಬರಬಹುದು ಅಂದರು. ಇರಲಿ, ಅದೆಲ್ಲ ಬರೆಯುತ್ತ ಹೋದರೆ ಬೆಳಗಾಗುತ್ತದೆ.

ನನಗೆ ಬಹಳ ಇಷ್ಟವಾದ ವರ್ಷ 2002. ಆ ಒಂದೇ ವರ್ಷದಲ್ಲಿ ಎರಡು ಲೇಖನಗಳು ಬಂದವು. ಒಂದರಲ್ಲಿ ನಕಾಶೆಯ ಹಾಳೆಯ ಕಾರ್ಬನ್ ಡೇಟಿಂಗ್: 1434, ಹನ್ನೊಂದು ವರ್ಷ ಆಚೀಚೆ. ಇನ್ನೊಂದರಲ್ಲಿ ಲಂಡನ್ನಿನ ಕ್ಯಾಥರೀನ್ ಬ್ರೌನ್ ಮತ್ತು ರಾಬಿನ್ ಕ್ಲಾರ್ಕ್ ಶಾಯಿಯ ಮೇಲೆ ಲೇಸರ್ ಬೆಳಕು ಬಿಟ್ಟು ಚದುರಿದ ಬೆಳಕನ್ನು ಓದಿದ್ದು: ಹಳದಿ ಗೆರೆಯಲ್ಲಿ ಅನಟೇಸ್, ಕಪ್ಪು ಗೆರೆ ಬರೀ ಇಂಗಾಲ. ಇಂಗಾಲದ ಮಸಿ ಎಷ್ಟು ಹಳೆಯದಾದರೂ ಸುತ್ತ ಹಳದಿ ಕಲೆ ಬಿಡುವುದಿಲ್ಲ. ಕಬ್ಬಿಣದ ಶಾಯಿಯ ಕಲೆಯನ್ನು ಇಂಗಾಲದ ಮಸಿಯ ಸುತ್ತ ಬರೆದಾಗಲೇ ಕಳ್ಳ ಸಿಕ್ಕಿಬಿದ್ದ. (ಅಂದ ಹಾಗೆ ಈ ಬೆಳಕಿನ ವಿದ್ಯೆಯ ಹೆಸರು ರಾಮನ್ ಸ್ಪೆಕ್ಟ್ರೋಸ್ಕೋಪಿ. 1928ರಲ್ಲಿ ಕೋಲ್ಕತ್ತೆಯಲ್ಲಿ ಅದನ್ನು ಕಂಡುಹಿಡಿದು, ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ನಮ್ಮ ಸಿ.ವಿ. ರಾಮನ್. ಪೂರ್ವಜರ ಹೆಮ್ಮೆಯ ಫಾರ್ವರ್ಡ್ ಕಳಿಸುವವರು ಯಾಕೋ ಇದನ್ನು ಕಳಿಸುವುದೇ ಇಲ್ಲ.)

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಾಳೆ 1434ರ ಸುಮಾರಿನದು, ಶಾಯಿ 1920ರ ನಂತರದ್ದು. ಎರಡೂ ಸರಿ! ಒಂದನ್ನೊಂದು ಸುಳ್ಳು ಮಾಡುವುದೇ ಇಲ್ಲ. ಹಳೆಯ ಖಾಲಿ ಹಾಳೆಯ ಮೇಲೆ ಹೊಸ ಶಾಯಿಯಿಂದ ಬರೆದರೆ ಬರಬೇಕಾದ ಉತ್ತರ ಇದೇ. ಆದರೆ ಬೇಕಾದವರು ಬೇಕಾದ ಲೇಖನ ಹಿಡಿದುಕೊಂಡು "ವಿಜ್ಞಾನ ಹೇಳಿದೆ" ಅಂದರು. ನಾನು ಬಕ್ಷಾಲಿಯ ಒಂದು ಹಾಳೆ ಹಿಡಿದುಕೊಂಡ ಹಾಗೆ.

ಕೊನೆಗೆ ಯೇಲ್‌ನವರೇ ತಮ್ಮ ಕೈಯಾರೆ ಮಾಡಿದ್ದು 2021ರಲ್ಲಿ. ಅಲ್ಲೊಂದು ಚೂರು ಇಲ್ಲೊಂದು ಚೂರು ತೆಗೆಯುವ ಬದಲು ಇಡೀ ನಕಾಶೆಯನ್ನು ಎಕ್ಸ್-ರೇ ಫ್ಲೋರೆಸೆನ್ಸ್ ಉಪಕರಣದ ಕೆಳಗೆ ಹಾಯಿಸಿದರು. ಎಕ್ಸ್-ಕಿರಣ ಬಿದ್ದಾಗ ಪ್ರತಿ ಧಾತುವೂ ತನ್ನದೇ ಗುರುತಿನ ಕಿರಣ ವಾಪಸ್ ಕೊಡುತ್ತದೆ. ಏನನ್ನೂ ಕತ್ತರಿಸಬೇಕಾಗಿಲ್ಲ. ಟೈಟಾನಿಯಂ ಎಲ್ಲೆಲ್ಲಿದೆ ಅಂತ ಒಂದು ಚಿತ್ರವೇ ಮೂಡಿತು. ಎಲ್ಲಿ ಗೆರೆ ಇದೆಯೋ ಅಲ್ಲೆಲ್ಲ ಟೈಟಾನಿಯಂ! ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದೇ ಕಾಲದ ಬೇರೆ ಹಸ್ತಪ್ರತಿಗಳ ಶಾಯಿಯನ್ನೂ ಹೋಲಿಸಿ ನೋಡಿದರು, ಅವುಗಳಲ್ಲಿ ಹೀಗಿಲ್ಲ. ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ 1923ರಲ್ಲಿ ನಾರ್ವೆಯಲ್ಲಿ ತಯಾರಾದ ಬಣ್ಣದ ಪುಡಿಯ ಹಾಗೆ ಕಂಡವು. ಅಮೆರಿಕವನ್ನು ಮೊದಲು ಮುಟ್ಟಿದವರು ನಾರ್ವೆ ಕಡೆಯವರು ಅಂತ ತೋರಿಸಲು ಹೊರಟ ನಕಾಶೆಗೆ ಬಣ್ಣವೂ ನಾರ್ವೆಯದರ ಹಾಗೇ! :) ಹಾಳೆಯ ಹಿಂದೆ ಪುಸ್ತಕ ಕಟ್ಟುವವನಿಗಾಗಿ ಬರೆದ ಒಂದು ಲ್ಯಾಟಿನ್ ಟಿಪ್ಪಣಿ ಇತ್ತು. ಅದರ ಮೇಲೆ ಯಾರೋ ಆಧುನಿಕ ಶಾಯಿಯಿಂದ ತಿದ್ದಿದ್ದರು, ಆ ನಡುವಿನ ಪುಸ್ತಕಕ್ಕೂ ನಕಾಶೆಗೂ ನಂಟಿದೆ ಅಂತ ಅನ್ನಿಸುವ ಹಾಗೆ. ತಿಳಿಯದೆ ಆದದ್ದಲ್ಲ, ಮೋಸ ಮಾಡಬೇಕಂತಲೇ ಮಾಡಿದ್ದು. ಇದು ನಕಲಿ ಅಂತ ಯೇಲ್ ಸ್ಪಷ್ಟವಾಗಿ ಹೇಳಿತು. 1965ರಿಂದ ಲೆಕ್ಕ ಹಾಕಿದರೆ 56 ವರ್ಷ.

ಆದರೆ ಕತೆಯಲ್ಲಿ ಒಂದು ತಿರುವು ಇದೆ. ನಾರ್ವೆಯವರು ನಿಜಕ್ಕೂ ಅಮೆರಿಕ ಮುಟ್ಟಿದ್ದರು! ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಓ ಮೆಡೋಸ್ ಎಂಬಲ್ಲಿ 1960ರಲ್ಲಿ ಹೆಲ್ಗೆ ಇಂಗ್‌ಸ್ಟಾಡ್ ಅವರ ನೆಲೆಯ ಕುರುಹು ಗುರುತಿಸಿದರು, ಅವರ ಹೆಂಡತಿ ಆನ್ ಸ್ಟೀನ್ ಉತ್ಖನನ ಮಾಡಿ ತೋರಿಸಿದರು. ನಕಾಶೆ ಜಗತ್ತಿಗೆ ಗೊತ್ತಾಗುವುದಕ್ಕೂ ಮೊದಲೇ. ಯೇಲ್ ಕೈ ತೊಳೆದುಕೊಂಡ ಮರು ತಿಂಗಳೇ, 2021ರ ಅಕ್ಟೋಬರಿನಲ್ಲಿ, ಆ ನೆಲೆಯ ಮರದ ತುಂಡುಗಳನ್ನು ಕಡಿದದ್ದು ಸರಿಯಾಗಿ ಕ್ರಿ.ಶ. 1021ರಲ್ಲಿ ಅಂತ ಪ್ರಕಟವಾಯಿತು. ಅದೂ ಕಾರ್ಬನ್-14ರಿಂದಲೇ!

ಅಲ್ಲಿ ಯಾಕೆ ನಂಬಬಹುದು, ಇಲ್ಲಿ ಯಾಕೆ ಬಾರದು? ಆ ಮರದ ತುಂಡುಗಳಲ್ಲಿ ಲೋಹದ ಕತ್ತಿಯ ಗುರುತಿತ್ತು. ತೊಗಟೆಯ ಅಂಚಿನವರೆಗೆ ಉಂಗುರಗಳಿದ್ದವು. 993ರಲ್ಲಿ ಸೂರ್ಯನ ಕಡೆಯಿಂದ ಬಂದ ಕಣಗಳ ಅಬ್ಬರಕ್ಕೆ ಜಗತ್ತಿನ ಮರಗಳ ಉಂಗುರಗಳಲ್ಲೆಲ್ಲ ಕಾರ್ಬನ್-14 ಒಮ್ಮೆಲೇ ಜಾಸ್ತಿಯಾಗಿದೆ. ಆ ಉಂಗುರ ಹುಡುಕಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರೆ 28 ವರ್ಷ. ಮರ ಸತ್ತದ್ದೂ ಮನುಷ್ಯ ಕತ್ತಿ ಬೀಸಿದ್ದೂ ಇಲ್ಲಿ ಒಂದೇ ಕ್ಷಣ. ಸಾವಿನ ಗಡಿಯಾರವೇ ಮನುಷ್ಯನ ಕೆಲಸದ ಗಡಿಯಾರವೂ ಆಯಿತು. ನಕಾಶೆಯಲ್ಲಿ ಕುರಿ ಸತ್ತದ್ದಕ್ಕೂ ಗೆರೆ ಎಳೆದದ್ದಕ್ಕೂ ನಡುವೆ ಐನೂರು ವರ್ಷ. ಅಂದಮೇಲೆ ಜಗಳ ಕಾರ್ಬನ್ ಡೇಟಿಂಗ್ ಜೊತೆ ಅಲ್ಲ ಸ್ವಾಮೀ. ಯಾವುದರ ಸಾವನ್ನು ಅಳೆದಿರಿ, ನೀವು ಹೇಳುವ ಘಟನೆಗೂ ಆ ಸಾವಿಗೂ ಏನು ಸಂಬಂಧ, ಅಂತ ಕೇಳುವುದು ಅಧಿಕಪ್ರಸಂಗ ಅಂದುಕೊಳ್ಳುತ್ತೇವಲ್ಲ, ಅದರ ಜೊತೆ.

"ಸರಿ ಹಾಗಾದರೆ, ಶಾಯಿಯನ್ನೇ ಪರೀಕ್ಷೆ ಮಾಡಿಸಿಬಿಟ್ಟರೆ ಆಯಿತಲ್ಲ" ಅಂತ ನಿಮ್ಮಲ್ಲಿ ಒಬ್ಬರಾದರೂ ಬರೆಯುತ್ತೀರಿ, ಗೊತ್ತು. ಅದೂ ಅಷ್ಟು ಸಲೀಸಲ್ಲ. 2012ರಲ್ಲಿ ಹಾರ್ವರ್ಡಿನ ಕರೆನ್ ಕಿಂಗ್ ಒಂದು ಪಪೈರಸ್ ಚೂರು ತೋರಿಸಿದರು. ಕಾಪ್ಟಿಕ್ ಭಾಷೆಯಲ್ಲಿ ಯೇಸು "ನನ್ನ ಹೆಂಡತಿ" ಅನ್ನುವ ಸಾಲು ಅದರಲ್ಲಿತ್ತು. 2014ರಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಪಪೈರಸ್ ಏಳರಿಂದ ಒಂಬತ್ತನೆಯ ಶತಮಾನದ್ದು. ಶಾಯಿ ದೀಪದ ಮಸಿ, ಹಳೆಯ ಕಾಲದ ಶಾಯಿಗೆ ಹೊಂದುತ್ತದೆ. ಹಾಳೆಯೂ ಪಾಸು, ಶಾಯಿಯೂ ಪಾಸು! ಆದರೂ ನಕಲಿ. ಹಿಡಿದದ್ದು ಯಂತ್ರ ಅಲ್ಲ, ಕಾಪ್ಟಿಕ್ ಓದುವ ವಿದ್ವಾಂಸರು. ಸಾಲುಗಳು ತೋಮನ ಸುವಾರ್ತೆಯಿಂದ ಕತ್ತರಿಸಿ ಅಂಟಿಸಿದವು. ಅದೂ ಇಂಟರ್ನೆಟ್ಟಿನಲ್ಲಿದ್ದ ಒಂದು ಪ್ರತಿಯ ಮುದ್ರಣದೋಷದ ಸಮೇತ. ಅದೇ ಸಂಗ್ರಹದ ಇನ್ನೊಂದು ಚೂರಿನಲ್ಲಿ, 1924ರಲ್ಲಿ ಅಚ್ಚಾದ ಒಂದು ಪುಸ್ತಕದ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ನಕಲು ಮಾಡಿದ್ದರು. 2016ರಲ್ಲಿ ಪತ್ರಕರ್ತ ಏರಿಯಲ್ ಸಾಬರ್ ಆ ಚೂರಿನ ಮಾಲೀಕನ ಜಾಡು ಹಿಡಿದು ಬರೆದ ಮೇಲೆ ಕಿಂಗ್ ಅವರೂ ಇದು ನಕಲಿಯೇ ಇರಬೇಕು ಅಂತ ಒಪ್ಪಿಕೊಂಡರು.

ದೀಪದ ಮಸಿಗೆ ಕಾಲ ಇಲ್ಲ, ಅದೇ ತೊಂದರೆ. ಇವತ್ತು ಸಂಜೆ ನೀವೂ ಮಾಡಬಹುದು. ಅನಟೇಸ್ ಸಿಕ್ಕರೆ ಇದು ಹದಿನೈದನೆಯ ಶತಮಾನದ್ದಲ್ಲ ಅನ್ನಬಹುದು. ಮಸಿ ಸಿಕ್ಕರೆ ಹದಿನೈದನೆಯ ಶತಮಾನದ್ದೇ ಅನ್ನಲಾಗದು. ಶಾಯಿಗೆ "ಅಲ್ಲ" ಅನ್ನುವುದು ಚೆನ್ನಾಗಿ ಬರುತ್ತದೆ, "ಹೌದು" ಅನ್ನಲು ಬರುವುದಿಲ್ಲ. ಶಾಯಿಯಲ್ಲಿ ಏನಿದೆ ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನುವುದೂ ಕೆಲವು ಸಲ ಹೇಳಿಬಿಡುತ್ತದೆ. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ಕೊಂಡಿದ್ದ "ಮೃತ ಸಮುದ್ರದ ಸುರುಳಿ"ಗಳ 16 ಚೂರುಗಳು ಎಲ್ಲವೂ ನಕಲಿ ಅಂತ 2020ರಲ್ಲಿ ಗೊತ್ತಾಯಿತಲ್ಲ, ಅಲ್ಲಿ ಚರ್ಮ ಹಳೆಯದೇ. ಆದರೆ ಶಾಯಿ ಚರ್ಮದ ಬಿರುಕಿನ ಒಳಗೆ ಇಳಿದಿತ್ತು. ಬರೆದ ಮೇಲೆ ಬಿರುಕು ಬಿಟ್ಟರೆ ಅಕ್ಷರ ಒಡೆಯಬೇಕು. ಬಿರುಕಿನೊಳಗೆ ಶಾಯಿ ಹರಿದಿದೆ ಅಂದರೆ ಬರೆಯುವಾಗಲೇ ಚರ್ಮ ಮುದಿಯಾಗಿತ್ತು.

ಈಗ ನಮ್ಮ ಮನೆಯ ಅಟ್ಟಕ್ಕೆ ಬರುತ್ತೇನೆ.

ತಾಳೆಗರಿಯ ಮೇಲೆ ಶಾಯಿಯಿಂದ ಬರೆಯುತ್ತಿರಲಿಲ್ಲ, ನಮ್ಮ ಕಡೆಯ ಗರಿಗಳಲ್ಲಂತೂ. ಕಬ್ಬಿಣದ ಕಂಠದಿಂದ ಗೀರುತ್ತಿದ್ದರು. ಗೀರಿದ ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಮಸಿ ಹಚ್ಚಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಮೇಲೇಳುತ್ತದೆ. ಮಸಿ ಮಾಸಿದರೆ ಮತ್ತೆ ಹಚ್ಚುತ್ತಾರೆ. ಓದುವವರು ಬಂದಾಗಲೆಲ್ಲ ಹಚ್ಚುತ್ತಾರೆ.

ನಮ್ಮ ಮನೆಯ ಕಟ್ಟಿಗೆ ಕೊನೆಯ ಸಲ ಮಸಿ ಹಚ್ಚಿದ್ದು 1983ರ ಮಳೆಗಾಲದಲ್ಲಿ. ಹಚ್ಚಿದವರಲ್ಲಿ ಒಬ್ಬ ನಾನೇ! ಅಜ್ಜನಿಗೆ ಕಣ್ಣು ಮಂಜಾಗಿತ್ತು. ತಿಗಳಾರಿ ಲಿಪಿ ಓದಲು ಮನೆಯಲ್ಲಿ ಅವರೊಬ್ಬರಿಗೇ ಬರುತ್ತಿದ್ದದ್ದು, ಅಕ್ಷರ ಕಾಣದೆ ಚಡಪಡಿಸುತ್ತಿದ್ದರು. ಸೋದರತ್ತೆ ಕಾಡಿಗೆ ಹಿಡಿದಳು. ಅದಕ್ಕೆ ಸೊಪ್ಪಿನ ರಸ ಹಿಂಡಿ, ಬಟ್ಟೆ ಚಿಂದಿಯಲ್ಲಿ ಅದ್ದಿ ನನ್ನ ಕೈಗೆ ಕೊಟ್ಟಳು. "ಒತ್ತಬೇಡ, ಸವರು, ಗರಿ ಸೀಳ್ತದೆ" ಅಂತ ಪಕ್ಕದಲ್ಲೇ ಕೂತು ಹೇಳುತ್ತಿದ್ದಳು. ಎರಡು ದಿನ ನನ್ನ ಕೈ, ಮೂಗು, ಅಂಗಿ ಎಲ್ಲ ಕಪ್ಪು. ಆಮೇಲೆ ಹುಳ ಬಾರದಿರಲಿ ಅಂತ ಮಜ್ಜಿಗೆಹುಲ್ಲಿನ ಎಣ್ಣೆಯನ್ನೂ ಸವರಿದೆವು.

ಅಲ್ಲಿಗೆ ನಮ್ಮ ಗರಿಯ ಮಸಿ 1983ರದ್ದು. ಹಾಗಂತ ಬರಹ 1983ರದ್ದಾ? ಅಲ್ಲ. ಆ ಮಸಿಯನ್ನು ಈಗ ಪ್ರಯೋಗಾಲಯಕ್ಕೆ ಕೊಟ್ಟರೆ 1983 ಅಂತ ಬರುತ್ತದಾ? ಅದೂ ಇಲ್ಲ! ಯಾಕೆಂದರೆ ಅತ್ತೆ ಕಾಡಿಗೆ ಹಿಡಿದದ್ದು ಹರಳೆಣ್ಣೆ ದೀಪದಿಂದ ಅಲ್ಲ, ಸೀಮೆಎಣ್ಣೆ ಬುಡ್ಡಿಯಿಂದ. ಸೀಮೆಎಣ್ಣೆ ಕೋಟಿಗಟ್ಟಲೆ ವರ್ಷ ನೆಲದಡಿ ಇದ್ದದ್ದು, ಅದರಲ್ಲಿ ಕಾರ್ಬನ್-14 ಒಂದಿಷ್ಟೂ ಉಳಿದಿಲ್ಲ. ಯಂತ್ರ ಪ್ರಾಮಾಣಿಕವಾಗಿ ಹೇಳುತ್ತದೆ: ಐವತ್ತು ಸಾವಿರ ವರ್ಷಕ್ಕಿಂತ ಹಳೆಯದು. ಎಂಟುನೂರು ಯಾಕೆ ಅಣ್ಣಾ, ಐವತ್ತು ಸಾವಿರ ಅಂತಲೇ ಹಾಕಿಸು. ಶಿಲಾಯುಗದಲ್ಲಿ ನಮ್ಮ ಮನೆತನದವರು ಗುಹೆಯೊಳಗೆ ಕೂತು ತಿಗಳಾರಿ ಬರೆಯುತ್ತಿದ್ದರು ಅಂತ.

ಗರಿಯನ್ನೇ ಕತ್ತರಿಸಿ ಕೊಟ್ಟರೆ? ಕಟ್ಟಿನ ಕೊನೆಯ ಗರಿಯಲ್ಲಿ ಬರೆದವನು "ಶುಭಕೃತು ಸಂವತ್ಸರ" ಅಂತ ಬರೆದಿದ್ದಾನೆ. ಅಜ್ಜ ಓದಿ ಹೇಳಿದ್ದನ್ನು ಅತ್ತೆ ಪಂಚಾಂಗದ ಹಿಂದೆ ಬರೆದಿಟ್ಟಿದ್ದಳು. ಶಕವರ್ಷ ಬರೆದಿಲ್ಲ ಪುಣ್ಯಾತ್ಮ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1962, 1902, 1842, 1782, ಹೀಗೆ. 1962 ಅಲ್ಲ, ಆಗ ಅಜ್ಜನೇ ಇದ್ದರು. ಉಳಿದವುಗಳಲ್ಲಿ ಯಾವುದು? ಇಲ್ಲಿ ಕಾರ್ಬನ್ ಡೇಟಿಂಗ್ ಬಂದು ಹೇಳಿಬಿಟ್ಟರೆ ಎಷ್ಟು ಚಂದ. ಆದರೆ ಸುಮಾರು 1650ರಿಂದ 1950ರವರೆಗಿನ ಕಾಲದಲ್ಲೇ ಅದರ ಕಣ್ಣು ಮಂಜು. ಗಾಳಿಯಲ್ಲಿನ ಕಾರ್ಬನ್-14 ಆ ಮೂರು ಶತಮಾನಗಳಲ್ಲಿ ಎಷ್ಟು ಏರಿಳಿದಿದೆಯೆಂದರೆ ಒಂದೇ ಅಳತೆಗೆ ಎರಡು ಮೂರು ಕಾಲ ಹೊಂದುತ್ತವೆ. ಅದರ ಮೇಲೆ ನಾವು ಸವರಿದ ಹುಲ್ಲಿನ ಎಣ್ಣೆಯ ಹೊಸ ಇಂಗಾಲ ಬೇರೆ. ವಿನ್‌ಲ್ಯಾಂಡ್ ನಕಾಶೆಯ ಹಾಳೆಗೂ 1950ರ ದಶಕದಲ್ಲಿ ಯಾರೋ ಏನೋ ಸವರಿದ್ದರು, ಡೇಟಿಂಗ್ ಮಾಡಿದವರು ಅದರಿಂದ ಪಾಡುಪಟ್ಟರು. ಇಷ್ಟೆಲ್ಲ ಖರ್ಚು ಮಾಡಿ, ಗರಿ ಹಾಳು ಮಾಡಿ ಬರುವ ಉತ್ತರ: 1650ರಿಂದ ಈಚೆ ಯಾವಾಗಲಾದರೂ ಇರಬಹುದು. ಅದನ್ನು ಪಂಚಾಂಗ ನೋಡಿ ನಮ್ಮತ್ತೆ ಪುಕ್ಕಟೆ ಹೇಳಿದ್ದಳು.

ಗರಿಯ ತುದಿ ಕತ್ತರಿಸುವುದು ಅಂದರೆ ಏನು ಗೊತ್ತಾ? ಎಡ ಅಂಚಿನಲ್ಲಿಯೇ ಗರಿಯ ಅಂಕೆ ಇರುವುದು. ದಾರ ಕಡಿದು ಗರಿಗಳು ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸಲು ಇರುವುದು ಅದೊಂದೇ ಆಸರೆ. ಎಂಟುನೂರು ಅಂತ ಅಚ್ಚು ಹಾಕುವುದಕ್ಕಾಗಿ ಅದನ್ನೇ ಕವರಿಗೆ ಹಾಕುವುದೇ?

ಮತ್ತೆ ಈ ಎಂಟುನೂರರ ಹಪಾಹಪಿ ಯಾಕೆ ಅಂತಲೇ ನನಗೆ ತಿಳಿಯುವುದಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂದುಕೊಟ್ಟ ಗ್ರಂಥ ಲಿಪಿಯ ಗರಿಗಳಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಅಚ್ಚಿಗೆ ತಂದರು. ಆ ಗರಿ ಕೌಟಿಲ್ಯನ ಕಾಲದ್ದಲ್ಲ, ಎಷ್ಟೋ ಶತಮಾನ ಈಚಿನದು. ಅದರಿಂದ ಅರ್ಥಶಾಸ್ತ್ರದ ತೂಕ ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಯಿತೇ? ವಿನ್‌ಲ್ಯಾಂಡಿನಲ್ಲಿ ಹಳೆಯ ಹಾಳೆಯ ಮೇಲೆ ಹೊಸ ಸುಳ್ಳು ಇತ್ತು, ಮೈಸೂರಿನಲ್ಲಿ ಹೊಸ ಗರಿಯ ಮೇಲೆ ಹಳೆಯ ನಿಜ ಇತ್ತು. ನಮ್ಮ ಹವೆಯಲ್ಲಿ ಗರಿ ಎಷ್ಟು ದಿನ ಬಾಳೀತು? ಗೆದ್ದಲು, ಮಳೆ, ಇಲಿ. ಮುದಿಯಾದ ಗರಿಯನ್ನು ನೋಡಿ ಯಾರೋ ಹೊಸ ಗರಿಗೆ ಪ್ರತಿ ಮಾಡಿದ್ದರಿಂದಲೇ ಅದು ನಮ್ಮವರೆಗೆ ಬಂದದ್ದು. ನಮ್ಮ ಶುಭಕೃತು ಸಂವತ್ಸರದವನೂ ಹಾಗೆ ಕೂತು ಬೆನ್ನು ನೋಯಿಸಿಕೊಂಡವನೇ. ಅವನ ಕೆಲಸವನ್ನು ಎಂಟುನೂರು ವರ್ಷದ ಹಿಂದಿನ ಯಾರದೋ ಹೆಸರಿಗೆ ಬರೆದುಬಿಡುವುದು ಅವನಿಗೆ ಮಾಡುವ ಮೋಸ ಅಂತ ನನಗನ್ನಿಸುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಇಷ್ಟು ನೀಟಾಗಿ ಹೇಳಲಿಲ್ಲ, ಕೂಗಾಡಿದೆ. ಅಣ್ಣನೂ ಕೂಗಾಡಿದ, "ನಿನಗೆ ಎಲ್ಲದರಲ್ಲೂ ಕಡ್ಡಿ ಅಲ್ಲಾಡಿಸೂದೇ ಕೆಲಸ" ಅಂದ, ಇಟ್ಟುಬಿಟ್ಟ. ನಿನ್ನೆ ಅತ್ತಿಗೆ ಮೆಸೇಜ್ ಮಾಡಿದ್ದರು. ಕತ್ತರಿ ವಾಪಸ್ ಡಬ್ಬಕ್ಕೆ ಹೋಗಿದೆಯಂತೆ. ಫೋಟೋದ ಕೆಳಗೆ "ಶುಭಕೃತು ಸಂವತ್ಸರದಲ್ಲಿ ಪ್ರತಿ ಮಾಡಿದ್ದು" ಅಂತ ಹಾಕುವುದಕ್ಕೆ ಒಪ್ಪಿದ್ದಾನಂತೆ, ಆದರೆ ಮುಂದೆ "ಅತಿ ಪುರಾತನ" ಅಂತ ಸೇರಿಸುತ್ತಾನಂತೆ. ಸೇರಿಸಲಿ ಬಿಡಿ.

ಕಟ್ಟಿನ ಎಲ್ಲ ಗರಿಗಳ ಫೋಟೋವನ್ನೂ ಹಗಲು ಬೆಳಕಿನಲ್ಲಿ ತೆಗೆದು ಕಳಿಸುವಂತೆ ಅತ್ತಿಗೆಗೆ ಹೇಳಿದ್ದೇನೆ. ಹನ್ನೊಂದು ಬಂದಿವೆ. ತಿಗಳಾರಿ ಓದಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಒಂದು ಕಮೆಂಟ್ ಹಾಕಿ, ಕಳಿಸುತ್ತೇನೆ. ಏಳನೆಯ ಗರಿಯ ಎರಡನೆಯ ಸಾಲಿನ ನಡುವೆ ಮಸಿ ದಪ್ಪಗೆ ಮೆತ್ತಿಕೊಂಡು ಮೂರು ಅಕ್ಷರ ಮುಚ್ಚಿಹೋಗಿವೆ. ಅದು ನಾನು ಒತ್ತಿದ್ದು.